ನಿಮಗಿದು ಗೊತ್ತೆ? ಲಕ್ವಕ್ಕೆ ಕಾರಣವಾದ ವೈರಾಣು ಯಾವುದು?
ಜ್ವರದ ಬೆನ್ನಿಗೇ ಕಾಲು ಹಠಾತ್ತನೆ ಸೋತು ಜೋಲುಬಿದ್ದು, ಸ್ಪರ್ಶಜ್ಞಾನವು ಮಾತ್ರ ಕುಂದದೆ ಉಳಿದ ಶಿಶುವಿನಲ್ಲಿ ಆ ಅನರ್ಥಕ್ಕೆ ಕಾರಣವು ನೈಸರ್ಗಿಕ ಪೋಲಿಯೊ ವೈರಾಣುವೋ, ಅಥವಾ ಸುಮಾರು 27 ಲಕ್ಷ ಡೋಸುಗಳಿಗೊಂದರಂತೆ ಬಾಯಿಹನಿ ಲಸಿಕೆಯ ದುರ್ಬಲೀಕೃತ ಸೇಬಿನ್ ವೈರಾಣುವೇ ತಂದೊಡ್ಡುವ ಲಕ್ವವೋ ಎಂಬುದನ್ನು ಬರಿಗಣ್ಣಿನಿಂದ ನಿರ್ಣಯಿಸುವುದು ನಿಪುಣ ವೈದ್ಯರಿಗೂ ಅಸಾಧ್ಯವು. ಬೆನ್ನುಹುರಿಯ ದ್ರವದಲ್ಲಿ ಈ ವೈರಾಣು ಸಿಕ್ಕುವುದು ಅಪರೂಪವಾದುದರಿಂದ, ಲಕ್ವ ತೋರಿದ 14 ದಿನಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ ಎರಡು ಬಾರಿ ಮಲವನ್ನು ಸಂಗ್ರಹಿಸಿ, ಮಂಜುಗಡ್ಡೆಯ ನಡುವೆ ಪ್ರಯೋಗಾಲಯಕ್ಕೊಯ್ದು, ಅಲ್ಲಿ ದೊರೆತ ವೈರಾಣುವಿನ ವಂಶವಾಹಿಯ ವಿನ್ಯಾಸವನ್ನು ಮೂಲ ಸೇಬಿನ್ ತಳಿಯೊಡನೆ ತಾಳೆನೋಡುವರು. ಹನಿ ಕುಡಿದ ಆರೋಗ್ಯವಂತ ಮಗುವಿನ ಮಲದಲ್ಲಿಯೂ ಲಸಿಕೆಯ ಅದೇ ವೈರಾಣು ವಾರಗಟ್ಟಲೆ ಕಾಣಿಸಿಕೊಳ್ಳುವುದುಂಟಾದುದರಿಂದ, 60 ದಿನಗಳ ತರುವಾಯವೂ ದೌರ್ಬಲ್ಯವುಳಿದಿದೆಯೇ ಎಂದು ಪರೀಕ್ಷಿಸಿ, ಇತರ ಕಾರಣಗಳನ್ನೆಲ್ಲ ತಳ್ಳಿಹಾಕಿದ ಮೇಲಷ್ಟೇ ತಜ್ಞರು ಲಸಿಕೆಯ ಮೇಲೆ ಹೊಣೆ ಹೊರಿಸುವರು.