ಬೆರೆತದ್ದನ್ನು ಬೇರ್ಪಡಿಸುವ ಬೆಲೆ

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಸುತ್ತಲಿನ ಹಳ್ಳಿಗಳಲ್ಲಿ ಬೆಳಗಾದರೆ ಶುದ್ಧ ನೀರಿನ ಘಟಕದ ಮುಂದೆ ಕ್ಯಾನುಗಳ ಸಾಲು. ಕೊಳವೆಬಾವಿ ಊರಲ್ಲೇ ಇದ್ದರೂ ಅದರ ನೀರಿಗೆ ಬೆರೆತ ಫ್ಲೋರೈಡನ್ನು ತೆಗೆಯಲು ಯಂತ್ರ, ವಿದ್ಯುತ್ತು, ಹಣ ಬೇಕು. ಬೆರೆಯುವಾಗ ಯಾರೂ ಕಾಸು ಕೊಡಲಿಲ್ಲ. ಬೇರ್ಪಡಿಸುವಾಗ ಮಾತ್ರ ಯಾಕೆ ಈ ಖರ್ಚು?

ಉತ್ತರ ಉಷ್ಣಗತಿವಿಜ್ಞಾನದಲ್ಲಿದೆ. ಒಂದು ಪೆಟ್ಟಿಗೆ, ನಡುವೆ ತಡಿಕೆ. ಈಚೆ ಆಮ್ಲಜನಕ, ಆಚೆ ಸಾರಜನಕ. ತಡಿಕೆ ತೆಗೆದರೆ ಎರಡೂ ತಾವಾಗಿಯೇ ಬೆರೆಯುತ್ತವೆ. ಮತ್ತೆ ತಾವಾಗಿ ಬೇರೆಯಾಗುವುದಿಲ್ಲ. ಹಾಗೆ ಆಗಬಾರದೆಂದು ಯಾವ ಅಣುವಿಗೂ ಕಟ್ಟಪ್ಪಣೆಯಿಲ್ಲ, ಲೆಕ್ಕ ಅಡ್ಡ ಬರುತ್ತದೆ, ಅಷ್ಟೆ. ನಾಲ್ಕು ಅಣುಗಳು ಎಡ ಬಲ ಹಂಚಿಕೊಳ್ಳಲು 16 ಬಗೆ. ನಾಲ್ಕೂ ಎಡಕ್ಕೇ ಇರುವುದು ಒಂದೇ ಬಗೆ. ಅಣುಗಳು ನೂರಾದರೆ ಆ ಒಂದರ ಎದುರು ನಿಲ್ಲುವ ಸಂಖ್ಯೆ ಒಂದರ ಮುಂದೆ ಸುಮಾರು 30 ಸೊನ್ನೆ! 1865ರಲ್ಲಿ ಕ್ಲಾಸಿಯಸ್ ಹೆಸರಿಟ್ಟ ಎಂಟ್ರೊಪಿ ಎಂಬುದನ್ನು ಬೋಲ್ಟ್ಸ್‌ಮನ್ ಈ ಎಣಿಕೆಗೆ ಜೋಡಿಸಿದರು. ತಮಾಷೆಯೆಂದರೆ, ಎರಡೂ ಕಡೆ ಒಂದೇ ಅನಿಲ, ಒಂದೇ ಒತ್ತಡದಲ್ಲಿದ್ದರೆ ತಡಿಕೆ ತೆಗೆದರೂ ಎಂಟ್ರೊಪಿ ಹೆಚ್ಚದು. ಅಮೆರಿಕದ ಗಿಬ್ಸ್ ಈ ಒಗಟಿನ ಮೇಲೆ ಬಹಳ ತಲೆ ಕೆಡಿಸಿಕೊಂಡಿದ್ದರು.

ಅನಿಲಕ್ಕೂ ಕೊಳವೆಬಾವಿಗೂ ಎಲ್ಲಿಯ ನಂಟು? ತೆಳುವಾದ ದ್ರಾವಣದಲ್ಲಿ ಕರಗಿದ ವಸ್ತು ಹುಟ್ಟಿಸುವ ಒತ್ತಡವೂ ಅನಿಲದ ನಿಯಮದಂತೆಯೇ ನಡೆಯುತ್ತದೆಂದು 1880ರ ದಶಕದಲ್ಲಿ ಡಚ್ ವಿಜ್ಞಾನಿ ವಾಂಟ್ ಹಾಫ್ ತೋರಿಸಿದರು. 1901ರಲ್ಲಿ ರಸಾಯನವಿಜ್ಞಾನದ ಮೊಟ್ಟಮೊದಲ ನೊಬೆಲ್ ಅವರಿಗೇ ಬಂತು.

ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಪಿನಾಕಿನಿ, ಚಿತ್ರಾವತಿಗಳು ವರ್ಷವಿಡೀ ಹರಿಯುವ ನದಿಗಳಲ್ಲ. ಹಾಗಾಗಿ ಜನ ಕಲ್ಲು ಕೊರೆಯುತ್ತ ಆಳಕ್ಕಿಳಿದರು. ಅಲ್ಲಿ ಗ್ರಾನೈಟಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಖನಿಜಗಳಿಂದ ಫ್ಲೋರೈಡ್ ಇಳಿದಿರುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಒಪ್ಪಿತ ಮಿತಿ; ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ. ಅದನ್ನು ಬಹಳ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಲೆ, ದೊಡ್ಡವರ ಮೂಳೆಗೆ ಬಿಗಿತ. ಕುದಿಸಿದರೂ ಹೋಗದು, ನೀರು ಆವಿಯಾಗಿ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ.

ಆರ್.ಓ. ಯಂತ್ರ ಮಾಡುವುದು ಇಷ್ಟೇ: ವಾಂಟ್ ಹಾಫ್ ಹೇಳಿದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಹಾಕಿ, ತೆಳು ಪೊರೆಯ ಮೂಲಕ ನೀರನ್ನಷ್ಟೇ ಹಿಂಡುವುದು. ವಿದ್ಯುತ್ತಿನ ಬಿಲ್ಲು ಎಂಟ್ರೊಪಿಗೆ ಕಟ್ಟುವ ಕಂದಾಯ. ಯಂತ್ರ ಎಷ್ಟೇ ನಾಜೂಕಾದರೂ ಅದರ ಕನಿಷ್ಠ ಪಾಲು ತಪ್ಪದು. ಹಿಂದುಳಿಯುವ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಹೆಚ್ಚು. ಘಟಕದ ಹಿಂದಿನ ಕೊಳವೆಯಿಂದ ಅದನ್ನು ಚರಂಡಿಗೆ ಬಿಟ್ಟರೆ, ಅಲ್ಲಿಂದ ನೆಲಕ್ಕಿಳಿದು ಮತ್ತೆ ಬೆರೆಯಲು ಹೊರಡುತ್ತದೆ, ಪುಕ್ಕಟೆಯಾಗಿ.