ಕಾರಡ್ಕದ ಹೆಸರು ಮತ್ತು ಜಾಲತಾಣದ ವದಂತಿ

2021ರ ಜೂನ್ ತಿಂಗಳ ಕೊನೆಯಲ್ಲಿ ಕನ್ನಡದ ಸಾಮಾಜಿಕ ಜಾಲತಾಣಗಳಲ್ಲಿ ಒಂದು ಪಟ್ಟಿ ಹರಿದಾಡಿತು. ಕಾಸರಗೋಡಿನ ಕನ್ನಡ ಮತ್ತು ತುಳು ಊರುಹೆಸರುಗಳನ್ನು ಕೇರಳ ಸರಕಾರವು ಮಲಯಾಳಕ್ಕೆ ಬದಲಾಯಿಸಲಿದೆ ಎಂಬುದು ಅದರ ಸಾರ. ಮಧೂರು ‘ಮಧುರಂ’, ಮಲ್ಲ ‘ಮಲ್ಲಂ’, ನೆಲ್ಲಿಕುಂಜ ‘ನೆಲ್ಲಿಕುನ್ನು’, ಕಾರಡ್ಕ ‘ಕಾಡಗಂ’ ಆಗುವುದೆಂದು ಅದರಲ್ಲಿತ್ತು. ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರಿಗೆ ಪತ್ರ ಬರೆದರು. ಅಂತಹ ಯೋಜನೆಯೇ ಇಲ್ಲವೆಂದು ಕೇರಳದ ಆಡಳಿತ ಸ್ಪಷ್ಟಪಡಿಸಿತು. ಒಂದು ತಿಂಗಳ ಹಿಂದಷ್ಟೇ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದ್ದ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಅವರೂ ಅದನ್ನು ಅಲ್ಲಗಳೆದರು.

ಪಟ್ಟಿಯ ದೋಷವನ್ನು ಕಾಣಲು ಊರಿನ ತಿಳಿವಳಿಕೆಯೇ ಸಾಕಿತ್ತು. ಮಲಯಾಳದಲ್ಲಿ ಕಾರಡ್ಕವನ್ನು ‘ಕಾರಡುಕ್ಕ’ ಎಂದು ಬರೆಯುವುದು ರೂಢಿ. ಕಾಡಗಂ ಎಂಬುದು ಆಸುಪಾಸಿನಲ್ಲೇ ಇರುವ, 1932ರ ಅರಣ್ಯ ಸತ್ಯಾಗ್ರಹದಿಂದ ಪ್ರಸಿದ್ಧವಾದ ಸ್ಥಳ.

ಇಂತಹ ವಾಗ್ವಾದಗಳು ಕಾವೇರಿದಾಗ ಎದುರಾಳಿಯನ್ನು ‘ಬಾಟ್’ ಎಂದೋ ‘ದುಡ್ಡಿಗೆ ಬರೆಯುವವನು’ ಎಂದೋ ಜರೆಯುವುದು ಇಂದಿನ ವಾಡಿಕೆ. ಇಲ್ಲಿ ಮೂರು ಬಗೆಗಳನ್ನು ಬೇರ್ಪಡಿಸಿ ನೋಡಬೇಕು. ಬಾಟ್ ಎಂದರೆ ತಂತ್ರಾಂಶವೇ ನಡೆಸುವ ಖಾತೆ; ಹಗಲಿರುಳೆನ್ನದೆ ಒಂದೇ ವಾಕ್ಯವನ್ನು ನೂರಾರು ಕಡೆ ಹಾಕುವುದು ಅದರ ಲಕ್ಷಣ. ಎರಡನೆಯವನು ಸಂಬಳಕ್ಕಾಗಿ ಸುಳ್ಳು ಹೆಸರಿನಲ್ಲಿ ಬರೆಯುವ ಮನುಷ್ಯ. ರಷ್ಯಾದ ಇಂಟರ್ನೆಟ್ ರಿಸರ್ಚ್ ಏಜೆನ್ಸಿಯು ಇಂತಹ ನೌಕರರ ಮೂಲಕ ಅಮೆರಿಕದ ಚುನಾವಣೆಯಲ್ಲಿ ಕೈಯಾಡಿಸಿತೆಂದು 2018ರಲ್ಲಿ ಅಲ್ಲಿ ದೋಷಾರೋಪಣೆಯಾಯಿತು. ಮೂರನೆಯವನು ತಾನು ನಂಬಿದ್ದನ್ನು ಕಳಕಳಿಯಿಂದಲೇ ಹಂಚುವ ಸಾಮಾನ್ಯ ಓದುಗ.

ಮೊದಲಿನ ಎರಡು ಬಗೆಗಳನ್ನು ಗುರುತಿಸುವುದು ನಡವಳಿಕೆಯಿಂದಲೇ ಹೊರತು ಅಭಿಪ್ರಾಯದಿಂದಲ್ಲ. 2019ರ ಏಪ್ರಿಲ್ 1ರಂದು ಫೇಸ್‌ಬುಕ್ ಸಂಸ್ಥೆಯು ಕಾಂಗ್ರೆಸ್ಸಿನ ಐಟಿ ವಿಭಾಗದೊಡನೆ ನಂಟುಳ್ಳ ವ್ಯಕ್ತಿಗಳ 687 ಪುಟ ಮತ್ತು ಖಾತೆಗಳನ್ನೂ, ಬಿಜೆಪಿಯ ಪರ ಬರಹಗಳನ್ನು ಹರಡುತ್ತಿದ್ದ, ಸಿಲ್ವರ್ ಟಚ್ ಎಂಬ ಕಂಪೆನಿಯೊಡನೆ ನಂಟುಳ್ಳ 15 ಪುಟ ಮತ್ತಿತರ ಖಾತೆಗಳನ್ನೂ ತೆಗೆದುಹಾಕಿತು. ಗುರುತು ಮರೆಸಿ ಸಂಘಟಿತವಾಗಿ ವರ್ತಿಸಿದ್ದೇ ಅದು ನೀಡಿದ ಕಾರಣ.

ಆದರೆ ಸುಳ್ಳಿನ ಹೆಚ್ಚಿನ ಭಾರವನ್ನು ಹೊರುವವನು ಮೂರನೆಯವನೇ. ಎಂಐಟಿಯ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿ, ಅದರ ಫಲಿತಾಂಶವನ್ನು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಂಭವವು ನಿಜಕ್ಕಿಂತ ಶೇಕಡಾ 70ರಷ್ಟು ಹೆಚ್ಚಿತ್ತು. ಬಾಟ್‌ಗಳನ್ನು ಲೆಕ್ಕದಿಂದ ಹೊರಗಿಟ್ಟಾಗಲೂ ಈ ತೀರ್ಮಾನ ಬದಲಾಗಲಿಲ್ಲ. ಹೊಸತೂ ಬೆರಗು ಹುಟ್ಟಿಸುವಂಥದೂ ಆದ ಮಾತನ್ನು ಹಂಚುವ ಚಪಲ ಮನುಷ್ಯನದು. ಊರುಹೆಸರಿನ ಪಟ್ಟಿಯನ್ನು ಭಾಷಾಭಿಮಾನಿಗಳೂ ಹಂಚಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

ಇದರಿಂದ ಕಾಸರಗೋಡಿನ ಕನ್ನಡಿಗರಿಗೆ ಆಗುವ ನಷ್ಟ ಎರಡು ಬಗೆಯದು. 1956ರಿಂದ ಕೇರಳದಲ್ಲಿ ಭಾಷಾ ಅಲ್ಪಸಂಖ್ಯಾತರಾಗಿರುವ ಇವರಿಗೆ ನಾಮಫಲಕ, ಅರ್ಜಿ ನಮೂನೆ, ಶಿಕ್ಷಕರ ನೇಮಕಾತಿ ಮುಂತಾದವುಗಳ ಬಗ್ಗೆ ನೈಜವಾದ ದೂರುಗಳಿವೆ. ಆಧಾರವಿಲ್ಲದ ಪಟ್ಟಿಯೊಂದು ಈ ದೂರುಗಳ ಜೊತೆ ಸೇರಿಕೊಂಡರೆ ನಾಳೆ ನಿಜವಾದ ದೂರನ್ನೂ ‘ಅಪಪ್ರಚಾರ’ವೆಂದು ತಳ್ಳಿಹಾಕುವುದು ಸುಲಭವಾಗುತ್ತದೆ. ದೂರುವವರನ್ನೆಲ್ಲ ಬಾಟ್ ಎಂದು ಕರೆದರೆ ಉತ್ತರಿಸಬೇಕಾದವರು ಉತ್ತರಿಸದೆ ಉಳಿಯುತ್ತಾರೆ.

ಆದ್ದರಿಂದ ಬರೆದವನು ಯಾರೆಂದು ಕೇಳುವ ಮೊದಲು ಬರೆದುದಕ್ಕೆ ಆಧಾರವೇನೆಂದು ಕೇಳುವುದು ಲೇಸು. ಸರಕಾರದ ಆದೇಶವೆಂದರೆ ಅದಕ್ಕೆ ಸಂಖ್ಯೆ, ದಿನಾಂಕ, ಇಲಾಖೆಯ ಹೆಸರು ಇರಲೇಬೇಕು. ಅವು ಕಾಣದಿದ್ದಲ್ಲಿ ಕಚೇರಿಗೇ ಬರೆದು ಕೇಳಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಕನ್ನಡ ವಿದ್ಯಾರ್ಥಿಗಳು ಈ ಹಕ್ಕನ್ನು ಬಳಸಿದಷ್ಟೂ ವದಂತಿಗೆ ಎಡೆ ಕಡಿಮೆಯಾಗುತ್ತದೆ.