ಕೈಬಿಟ್ಟ ರೂಪಗಳು: ಗಂಡಭೇರುಂಡದ ಪಾಠಾಂತರಗಳು

ವಿಡಿಯೊ ಗೇಮ್‌ಗಳ ನಿರ್ಮಾಣದಲ್ಲಿ ಕಲ್ಪಿತ ಪ್ರಾಣಿಗಳ ಅನೇಕ ರೂಪಗಳು ಅಂತಿಮ ಕೃತಿಗೆ ಸೇರದೆ ಹೊರಗುಳಿಯುತ್ತವೆ. ಜಪಾನಿನ ‘ಪೋಕೆಮಾನ್’ ಆಟದ ಎರಡನೆಯ ಪೀಳಿಗೆಯ ಮಾದರಿಯೊಂದನ್ನು 1997ರ ನವೆಂಬರಿನಲ್ಲಿ ಪ್ರದರ್ಶಿಸಲಾಗಿತ್ತು. ಅದರಲ್ಲಿದ್ದ ಬೆಂಕಿಯ ಕರಡಿಮರಿಯಾಗಲಿ ಸೀಲ್ ಪ್ರಾಣಿಯನ್ನು ಹೋಲುವ ಜಲಚರವಾಗಲಿ 1999ರಲ್ಲಿ ಪ್ರಕಟವಾದ ಆಟದಲ್ಲಿ ಇರಲಿಲ್ಲ. ಜಲಚರದ ಸ್ಥಾನಕ್ಕೆ ಮೊಸಳೆಮರಿ ಬಂದಿತ್ತು. 2018ರಲ್ಲಿ ಆ ಮಾದರಿಯ ಕಡತಗಳು ಹೊರಬಿದ್ದ ಮೇಲೆಯೇ ಎರಡೂ ರೂಪಗಳನ್ನು ಸವಿವರವಾಗಿ ಹೋಲಿಸುವುದು ಸಾಧ್ಯವಾಯಿತು. ಹಸ್ತಪ್ರತಿಗಳ ಪಾಠಾಂತರಗಳಿಂದ ಕೃತಿಯ ಚರಿತ್ರೆ ತಿಳಿಯುವಂತೆ, ಕೈಬಿಟ್ಟ ರೂಪಗಳಿಂದ ಕಲ್ಪಿತ ಪ್ರಾಣಿಯ ಚರಿತ್ರೆಯೂ ತಿಳಿಯುತ್ತದೆ.

ಈ ದೃಷ್ಟಿಯಿಂದ ಕರ್ನಾಟಕದ ಗಂಡಭೇರುಂಡವು ಗಮನಾರ್ಹವಾದ ಉದಾಹರಣೆ. ಎರಡು ತಲೆಗಳ ಈ ಪಕ್ಷಿಯನ್ನು ಹೊರನಾಡಿನ ಓದುಗರು ಸಾಮಾನ್ಯವಾಗಿ ಕರ್ನಾಟಕ ರಾಜ್ಯದ ಲಾಂಛನದಿಂದ ಬಲ್ಲರು. ಜನಕಪುರಿಯ ಕನ್ನಡ ಮನೆಗೆ ಆ ಸರಕಾರದ ಕಾಗದವೊಂದು ಬಂದರೆ ಅದರ ತಲೆಯಲ್ಲಿ ಕಾಣುವುದೂ ಇದೇ. ಆದರೆ ಲಾಂಛನದ ರೂಪವನ್ನೇ ಮೂಲವೆಂದು ಭಾವಿಸಿ ಹಿಂದಿನ ಶಿಲ್ಪಗಳನ್ನು ಓದಹೊರಟರೆ ತಪ್ಪು ತೀರ್ಮಾನಗಳಿಗೆ ಎಡೆಯಾಗುತ್ತದೆ.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ, ಚಾಲುಕ್ಯರ ಅಧೀನದಲ್ಲಿ ಬನವಾಸಿಯನ್ನು ಆಳುತ್ತಿದ್ದ ಚಾವುಂಡರಾಯನು 1047ರಲ್ಲಿ ನಿಲ್ಲಿಸಿದ ಭೇರುಂಡ ಸ್ತಂಭವಿದೆ. ಅದರ ಮೇಲಿನ ಮೂರ್ತಿಗೆ ಪಕ್ಷಿಯ ಎರಡು ತಲೆಗಳಿದ್ದರೂ ದೇಹ ಮಾತ್ರ ಮನುಷ್ಯನದು. 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪವೊಂದರಲ್ಲಿ ಬೇರೆಯೇ ಕಲ್ಪನೆಯಿದೆ. ಅಲ್ಲಿ ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿದೆ. ಒಂದರ ಬಲವನ್ನು ಮತ್ತೊಂದರ ಬಲ ಮೀರಿಸುವ ಈ ಸರಪಣಿಯ ಕೊನೆಯ ಕೊಂಡಿಯೇ ಗಂಡಭೇರುಂಡ.

ವಿಜಯನಗರದ ಅಚ್ಯುತದೇವರಾಯನ (1529–1542) ನಾಣ್ಯಗಳಲ್ಲಿ ಈ ಸರಪಣಿಯನ್ನು ಸಂಕ್ಷೇಪಿಸಲಾಗಿದೆ. ನಾಣ್ಯದ ಕಿರಿದಾದ ಅಂಗಳದಲ್ಲಿ ನಡುವಣ ಪ್ರಾಣಿಗಳಿಗೆ ಎಡೆಯಿಲ್ಲ. ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದ ಪಕ್ಷಿಯೊಂದೇ ಉಳಿದಿದೆ. ಬಳ್ಳಿಗಾವಿಯ ಮನುಷ್ಯದೇಹವೂ ಇಲ್ಲಿಲ್ಲ. ಬಳಿಕ ಮೈಸೂರಿನ ಒಡೆಯರು ಗಂಡಭೇರುಂಡವನ್ನು ತಮ್ಮ ರಾಜಲಾಂಛನವಾಗಿಸಿದರು. ಅದರಿಂದ ಬೆಳೆದುಬಂದ ಇಂದಿನ ರಾಜ್ಯಲಾಂಛನದ ಕೆಂಪು ಗುರಾಣಿಯಲ್ಲಿ ಬಿಳಿಯ ಗಂಡಭೇರುಂಡವಿದೆ. ಅದರ ಹಿಡಿತದಲ್ಲಿ ಯಾವ ಬೇಟೆಯೂ ಇಲ್ಲ. ಇಕ್ಕೆಲಗಳಲ್ಲಿ ಗುರಾಣಿಯನ್ನು ಹಿಡಿದು ನಿಂತಿರುವವು ಆನೆಯ ತಲೆ, ಸಿಂಹದ ಮೈ ಉಳ್ಳ ಎರಡು ಪ್ರಾಣಿಗಳು. ಇವನ್ನು ಶರಭವೆಂದೂ ಗಜಕೇಸರಿಯೆಂದೂ ಕರೆಯುವುದುಂಟು.

ಇಲ್ಲಿಯೇ ಪುನರ್ರಚನೆಯ ಮುಖ್ಯ ಸಂಗತಿಯಿದೆ. ಬೇಲೂರಿನ ಶಿಲ್ಪದಲ್ಲಿ ಆನೆ, ಸಿಂಹ, ಶರಭ ಮೂರೂ ಸೋತವುಗಳ ಸಾಲಿನಲ್ಲಿವೆ. ಲಾಂಛನದಲ್ಲಿ ಅದೇ ಹೆಸರುಗಳೂ ಅವಯವಗಳೂ ಕಾವಲುಗಾರರ ರೂಪದಲ್ಲಿ ನಿಂತಿವೆ. ಬದಲಾದದ್ದು ಪಕ್ಷಿಯ ಆಕಾರವಷ್ಟೇ ಅಲ್ಲ, ಪ್ರಾಣಿಗಳ ನಡುವಣ ಸಂಬಂಧವೂ ಹೌದು. ಸಂಹಾರದ ಚಿತ್ರವು ಪೋಷಣೆಯ ಚಿತ್ರವಾಯಿತು. ಬಲಪ್ರದರ್ಶನದ ಸಂಕೇತವು ಆಡಳಿತದ ಮುದ್ರೆಯಾಯಿತು.

ಆದರೂ ಈ ರೂಪಗಳನ್ನು ಒಂದೇ ಸರಳರೇಖೆಯ ಮೆಟ್ಟಿಲುಗಳೆಂದು ಎಣಿಸಲಾಗದು. ಮನುಷ್ಯದೇಹದ ರೂಪಕ್ಕೂ ಬೇಲೂರಿನ ರೂಪಕ್ಕೂ ಇರುವ ಅಂತರ ಕೇವಲ 70 ವರ್ಷ. ಎರಡೂ ಬೇರೆ ಬೇರೆ ಉದ್ದೇಶಗಳಿಗೆ ರಚಿತವಾದವು. ಒಂದು ಅಧಿಕಾರಿಯ ಕೀರ್ತಿಸ್ತಂಭವನ್ನು ಏರಿತು, ಮತ್ತೊಂದು ಗುಡಿಯ ಶಿಲ್ಪಸಮೂಹದಲ್ಲಿ ಸೇರಿತು. ಆದುದರಿಂದ ರೂಪದ ವ್ಯತ್ಯಾಸಕ್ಕೆ ಕಾಲದಲ್ಲಿ ಮಾತ್ರವಲ್ಲದೆ ಅದು ನಿಂತ ಸ್ಥಳದಲ್ಲಿಯೂ ಮಾಡಿದ ಕೆಲಸದಲ್ಲಿಯೂ ಕಾರಣವನ್ನು ಹುಡುಕಬೇಕು.

ಆಟದ ನಿರ್ಮಾಪಕರು ಕೈಬಿಟ್ಟ ಪ್ರಾಣಿಯು ಕಡತದಲ್ಲಿ ಅಡಗಿರುತ್ತದೆ. ಅದು ಹೊರಬಂದರೆ ಸುದೈವ. ಕರ್ನಾಟಕದಲ್ಲಿಯಾದರೋ ಹೊಸ ರೂಪವು ಹಳೆಯದನ್ನು ಅಳಿಸಲಿಲ್ಲ. ಬಳ್ಳಿಗಾವಿಯ ಸ್ತಂಭ, ಬೇಲೂರಿನ ಭಿತ್ತಿ, ಅಚ್ಯುತದೇವರಾಯನ ನಾಣ್ಯ ಇಂದಿಗೂ ಪರಿಶೀಲನೆಗೆ ಲಭ್ಯವಾಗಿವೆ. ಲಾಂಛನವನ್ನು ಕುರಿತು ಬರೆಯುವ ಸಂಶೋಧಕರು ಮೊದಲು ಇವನ್ನು ಜೊತೆಗಿಟ್ಟು ನೋಡುವುದು ಅವಶ್ಯ.